ಸೂಕ್ಷ್ಮ ಕಿವಿ

ಮನೆಯ ಕೋಣೆಯಲ್ಲೇ ಹಾಡು ಮಿಕ್ಸಿಂಗ್ ಮಾಡುವ ಯುವಕ, ಕಡಿಮೆ ಬೆಲೆಯ ಸಬ್‌ವೂಫರ್ ಎಂಬ ದಪ್ಪ ಸದ್ದಿನ ಸ್ಪೀಕರ್ ಹುಡುಕಿಕೊಂಡು ಮೊದಲ ಮಹಡಿಯ ಅಂಗಡಿಗೆ ಬಂದ. ಜೊತೆಗೆ ಬಂದ ವಯಸ್ಸಾದ ಹೆಂಗಸು ಒಳಗೆ ನಿಲ್ಲಲಿಲ್ಲ. ಮೆಟ್ಟಿಲಿಳಿದು ಕೆಳಗಿನ ಟೈಲರ್ ಅಂಗಡಿಯಲ್ಲಿ ಕೂತರು.

ಅಂಗಡಿಯವನು ಹತ್ತು ಇಂಚಿನದನ್ನು ಹಾಕಿದ. ಆಕೆ ಮೇಲೆ ಬಂದರು.

“ಬೇಡ. ಎದೆಗೇ ಗುದ್ದುತ್ತೆ.”

ಎಂಟು ಇಂಚಿನದನ್ನು ಹಾಕಿದ. ಮತ್ತೆ ಬಂದರು.

“ಇದೂ ಬೇಡ. ಗೋಡೆ ಗುಂಯ್ ಅನ್ನುತ್ತೆ.”

ಅಂಗಡಿಯವನಿಗೆ ಗೌರವ ಹುಟ್ಟಿತು. ಕೊನೆಗೆ ಎಲ್ಲಕ್ಕಿಂತ ಅಗ್ಗದ, ಚಿಕ್ಕದನ್ನು ಹಾಕಿದ. ಬಹಳ ಹೊತ್ತಿನ ಮೇಲೆ ಆಕೆ ಬಂದು ಕೇಳಿದರು: “ಹಾಕಿದ್ರೋ ಇಲ್ವೋ?”

“ಇದನ್ನೇ ಪ್ಯಾಕ್ ಮಾಡಿ,” ಎಂದ ಯುವಕ.

ಅಂಗಡಿಯವನು ಆಕೆಯತ್ತ ತಿರುಗಿದ. “ಕೇಳಿಸದೇ ಇರೋದನ್ನ ಆರಿಸಿದ್ರಲ್ಲಮ್ಮ! ನೀವು ಸಂಗೀತದ ಟೀಚರ್ ಅಂದ್ಕೊಂಡಿದ್ದೆ.”

“ನಾನ್ಯಾವ ಟೀಚರಪ್ಪ? ಇವನ ಕೆಳಗಿನ ಮನೆಯೋಳು.”