ಅರಿಶಿನ ಕೆಂಪಾದ ಕ್ರೀಮು

2025ರ ಫೆಬ್ರುವರಿ 12, ಬುಧವಾರ, ಬೆಳಿಗ್ಗೆ 11 ಗಂಟೆ 10 ನಿಮಿಷ. ಕೊಗನೊಳ್ಳಿಯ ಮಹಿಳಾ ಸಂಘದ ಕೋಣೆಯಲ್ಲಿ ಬಾಬಾಸಾಹೇಬರು ಕ್ರೀಮಿನ ಡಬ್ಬಿಯೊಂದನ್ನು ಸತ್ತ ಇಲಿಯಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದರು.

ಊರಿನ ಅರ್ಧ ಕಬ್ಬಿನ ಹೊಲ ಅವರದು. ಸಂಘದ ಬಾಡಿಗೆ ಕೋಣೆಯೂ ಅವರದು. ಆದ್ದರಿಂದ ರಸಾಯನಶಾಸ್ತ್ರವೂ ತಮ್ಮದೇ ಎಂದುಕೊಂಡಿದ್ದರು.

ಕ್ರೀಮು ಮಾಡಿದವಳು ನೀಲಮ; ಕೂಲಿಕಾರ ತುಕಾರಾಮನ ಮಗಳು, ಬಿ.ಎಸ್ಸಿ. ಹೆದ್ದಾರಿ ಬದಿಯ ಸಂಘದ ಅಂಗಡಿಯಲ್ಲಿ ಅದನ್ನು ಮಾರಬೇಕೋ ಬೇಡವೋ ಎಂಬುದು ಅಂದೇ ತೀರ್ಮಾನವಾಗಬೇಕಿತ್ತು. ಬೇಡವೆಂದರೆ ಅವಳು ಮತ್ತೆ ಬೀಡಿ ಕಟ್ಟಲು ಕೂರಬೇಕು.

"ಚೀಟಿ ಓದ್ರಿ. ಸೋಡಿಯಂ ಹೈಡ್ರಾಕ್ಸೈಡ್. ಮೋರಿ ತೊಳಿಯೂ ಕಾಸ್ಟಿಕ್ ಇದು. ಮಾರಿಗಿ ಹಚ್ಕೋರಿ ಅಂತಾಳ" ಎಂದರು ಬಾಬಾಸಾಹೇಬರು.

ನೀಲಮ ವಿವರಿಸಿದಳು. ಕ್ರೀಮಿನ ಆಮ್ಲವನ್ನು ಚರ್ಮಕ್ಕೆ ಹೊಂದುವಷ್ಟಕ್ಕೆ ಇಳಿಸಲು ಅದರ ಕೆಲವೇ ಹನಿ ಬೇಕು. ಆಮ್ಲದೊಡನೆ ಸೇರಿದ ಮೇಲೆ ಅದು ಕಾಸ್ಟಿಕ್ ಆಗಿ ಉಳಿಯುವುದಿಲ್ಲ. ನೋಡಬೇಕಾದದ್ದು ಕೊನೆಯ ಪಿಎಚ್. ಏಳು ಎಂದರೆ ಸಮ, ಮೇಲೇರಿದಷ್ಟೂ ಕ್ಷಾರ.

"ತುಕ್ಯಾನ ಮಗಳು ನಮಗ ಸಾಲಿ ಕಲಿಸಾಕತ್ತಾಳ" ಎಂದು ನಕ್ಕ ಬಾಬಾಸಾಹೇಬರು, ಬಾಯಲ್ಲಿದ್ದುದನ್ನು ಹೊರಗೆ ಉಗುಳಿ ಬಂದರು. ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುತ್ತದೆ: ಶಾಲೆಯಲ್ಲಿ ಕಲಿತದ್ದರಲ್ಲಿ ಅವರಿಗೆ ನೆನಪಿದ್ದುದು ಅದೊಂದೇ. ಎಡ ಅಂಗೈಗೆ ಕ್ರೀಮು ಹಾಕಿಕೊಂಡರು. ದೇವರ ಪಟದ ಮುಂದಿದ್ದ ಅರಿಶಿನದಿಂದ ಒಂದು ಚಿಟಿಕೆ ಉದುರಿಸಿದರು. ಪಳಗಿದ ಹೆಬ್ಬೆರಳಿನಿಂದ ತಿಕ್ಕಿದರು.

ಅರಿಶಿನ ರಕ್ತದಂತೆ ಕೆಂಪಾಯಿತು.

ಹೆಂಗಸರು ಹಿಂದೆ ಸರಿದರು. ಸಂಘದ ಅಧ್ಯಕ್ಷೆ ಅಕ್ಕುತಾಯಿ ಮಾರಾಟ ಬೇಡವೆಂಬ ಠರಾವು ಬರೆಯಲು ಪೆನ್ನು ತೆಗೆದಳು.

ನೀಲಮ ತನ್ನ ಪುಟ್ಟ ಪಿಎಚ್ ಮೀಟರನ್ನು ಅದೇ ಡಬ್ಬಿಯಲ್ಲಿ ಅದ್ದಿದಳು. 5.5. ಆಟಿಕೆಯು ಒಡತಿ ಹೇಳಿದ್ದನ್ನೇ ಹೇಳುತ್ತದೆ ಎಂದರು ಬಾಬಾಸಾಹೇಬರು. ಅದೇ ಕ್ರೀಮು, ಅದೇ ಅರಿಶಿನವನ್ನು ಅವಳು ತಟ್ಟೆಯಲ್ಲಿ ಕಲಸಿದಳು. ಹಳದಿಯೇ ಉಳಿಯಿತು. ಕಣ್ಕಟ್ಟು ಎಂದರು.

ಅವಳು ಬಟ್ಟಲಲ್ಲಿ ತುಸು ನೀರು ತಂದಿಟ್ಟು ಅದರ ಪಿಎಚ್ ಓದಿದಳು. 7.1.

"ಸಾವಕಾರ್ರ, ಅಂಗೈ ಇದರಾಗ ತೊಳೀರಿ."

"ನನ್ನ ಕೈ ಏನ್ ಮಾಡೇತಿ?"

"ಅದನ್ನ ನೋಡೂಣ್ರಿ."

ಉಪಕಾರ ಮಾಡುವವರಂತೆ ತೊಳೆದರು. ಅವಳು ಮೀಟರನ್ನು ಬಟ್ಟಲಿಗೆ ಇಳಿಸಿ, ಅಂಕಿ ನಿಲ್ಲುವವರೆಗೆ ಕಾದು, ಅಕ್ಕುತಾಯಿಯ ಕಡೆ ತಿರುಗಿಸಿದಳು.

ಬೆಳಗಿನಿಂದ ಮೂರು ಸಲ ಸುಣ್ಣ ಹಾಕಿ ತಂಬಾಕು ತಿಕ್ಕಿದ್ದ ಆ ಅಂಗೈ ತೊಳೆದ ನೀರಿನ ಪಿಎಚ್ 11.8.