ಮೇಷ್ಟ್ರು ಸರಿ ಅಂದರೆ

ಮಾದರಿ ವಿಮಾನ ಹಾರಿಸುವ ಆ ಕ್ಲಬ್ಬಿನಲ್ಲಿ ನಂಜರಾಜಯ್ಯ ಮೇಷ್ಟ್ರು ರೆಕ್ಕೆ ನೋಡಿ ‘ಸರಿ’ ಅನ್ನದೆ ಯಾವ ವಿಮಾನವೂ ನೆಲ ಬಿಟ್ಟು ಏಳುವಂತಿರಲಿಲ್ಲ. ಕ್ಲಬ್ಬು ಕಟ್ಟಿದವರೂ ಅವರೇ, ಇಪ್ಪತ್ತು ವರ್ಷ ನಡೆಸಿದವರೂ ಅವರೇ. ಹೋದ ತಿಂಗಳು ಅಧ್ಯಕ್ಷನಾದ ತಿಲಕ್, ಮೇಷ್ಟ್ರಿಗೆ ಕಣ್ಣು ಮಂಜಾಗಿದೆ, ಈ ಕೆಲಸ ಬೇರೆಯವರಿಗೆ ಕೊಡೋಣ ಎಂದು ಒಬ್ಬೊಬ್ಬ ಸದಸ್ಯನ ಕಿವಿಯೂದಿದ. ಮಾತು ಸುತ್ತಿ ಬಳಸಿ ಮೇಷ್ಟ್ರನ್ನೂ ಮುಟ್ಟಿತು. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಕಣ್ಣು ಅವರದು. ಮೈಯೆಲ್ಲ ಉರಿದುಹೋಯಿತು.

ಭಾನುವಾರ ಬೆಳಿಗ್ಗೆ ಎಲ್ಲರೆದುರು ತಿಲಕ್ ತನ್ನ ಹೊಸ ವಿಮಾನ ತಂದಿಟ್ಟ. ಆರು ತಿಂಗಳು ಕೂತು ಕಟ್ಟಿದ್ದು.

"ಒಂದ್ಸಲ ನೋಡ್ಬಿಡಿ ಮೇಷ್ಟ್ರೇ."

ಅವನು ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದ. ಬಲ ರೆಕ್ಕೆಯ ಪಟ್ಟಿ ಮೇಲೇಳಬೇಕಿತ್ತು, ಕೆಳಗಿಳಿಯಿತು. ತಂತಿ ಉಲ್ಟಾ ಜೋಡಣೆಯಾಗಿತ್ತು. ಹೀಗೇ ಹಾರಿಸಿದರೆ ಏರಿದ ಗಳಿಗೆಯಲ್ಲೇ ಮಗುಚಿ ನೆಲಕ್ಕಪ್ಪಳಿಸುವುದು ಖಂಡಿತ.

ಬೀಳಲಿ, ಚೂರುಚೂರಾಗಲಿ ಅಂದುಕೊಂಡರು ಮೇಷ್ಟ್ರು.

"ಇನ್ನೊಂದ್ಸಲ ತೋರಿಸ್ಲಾ?"

"ಬೇಡಪ್ಪ. ಸರಿಯಾಗಿದೆ, ಹಾರಿಸು."

"ನೆಟ್ಟಗೆ ನೋಡಿದ್ರಿ ತಾನೆ?"

"ನನ್ನ ಕಣ್ಣಿಗೇನಾಗಿದೆಯೋ? ಸರಿಯಾಗಿದೆ ಅಂದ್ನಲ್ಲ!"

ತಿಲಕ್ ರಿಮೋಟ್ ಆರಿಸಿ, ಮೆಲ್ಲಗೆ ಸದಸ್ಯರ ಕಡೆ ತಿರುಗಿದ.

"ಎಲ್ರೂ ಕೇಳಿಸ್ಕೊಂಡ್ರಲ್ಲ? ಆ ತಂತೀನ ನಾನೇ ಬೇಕಂತ ಉಲ್ಟಾ ಜೋಡ್ಸಿದ್ದೆ."