ಪುಟದ ಕೆಳಗಿನ ಮಾತು

“ಈ ಪುಟದ ಕೆಳಗ ಲೇಖಕರು ಬರದದ್ದನ್ನ ಯಾಕ ಮುಚ್ಚಿಟ್ಟೀರಿ?” ಎಂದು ಪರೀಕ್ಷಕ ಹಣಮಂತ್ರಾಯರು ಕೇಳಿದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಅಮೋಘ ಥಟ್ಟನೆ ತಲೆ ಎತ್ತಿದ. ಪ್ರಶ್ನೆ ಅವನಿಗಲ್ಲ, ಅವನ ಹೆಂಡತಿಗೆ. ಪುಣೆಯ ಆ ಕಾಲೇಜಿನಲ್ಲಿ ಪೂರ್ವಾಳ ಪಿಎಚ್.ಡಿ. ಮೌಖಿಕ ಪರೀಕ್ಷೆ ನಡೆದಿತ್ತು. ಹಣಮಂತ್ರಾಯರ ಕೈಯಲ್ಲಿ ಅವಳ ಪ್ರಬಂಧಕ್ಕೆ ಆಧಾರವಾಗಿದ್ದ ಹಳೆಯ ಕನ್ನಡ ಪುಸ್ತಕವಿತ್ತು. ಅಷ್ಟು ಹೊತ್ತಿನವರೆಗೆ ಎಲ್ಲ ಸುಸೂತ್ರವಾಗಿತ್ತು. ಹುಟ್ಟಿನಿಂದ ಕಣ್ಣು ಕಾಣದ ಪೂರ್ವಾ ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಡುತ್ತ ಬಂದಿದ್ದಳು.

“ಯಾವ ಪುಟರಿ ಸರ್?”

“ದೌಂಡ ಸ್ಟೇಶನ್ನಿಗೆ ಮೊದಲ ಬಂದ, ರೈಲು ಹಳಿ ರಿಪೇರಿ ಮಾಡೋ ಕನ್ನಡ ಗ್ಯಾಂಗಮನ್‌ಗಳು ಊರಾಗ ಹೊಡದಾಡಿ ಓಡಿ ಬಂದವರು ಅಂತ ಅದ ನೋಡ್ರಿ, ಆ ಪುಟ. ನಿಮ್ಮ ನಾಲ್ಕನೇ ಅಧ್ಯಾಯ ಪೂರ್ತಿ ಆ ಮಾತಿನ ಮ್ಯಾಲೆ ನಿಂತದ. ಕೆಳಗಿನ ಅಡಿಟಿಪ್ಪಣಿ ಬ್ಯಾರೇನ ಹೇಳತದ.” ಅವರು ಧಾರವಾಡದಿಂದ ಬಂದಿದ್ದ ಹಿರಿಯರು, ಮಾತಿನಲ್ಲಿ ಮುಲಾಜು ಇರಲಿಲ್ಲ. “ಗೊತ್ತಿದ್ದೂ ಬಿಟ್ಟಿದ್ರ ಅದಕ್ಕ ನಾವು ಮೋಸ ಅಂತೀವಿ.”

“ಆ ಪುಟದಾಗ ಅಡಿಟಿಪ್ಪಣಿನ ಇಲ್ರಿ ಸರ್. ಪುಸ್ತಕ ನನಗ ಬಾಯಿಪಾಠ ಅದ.”

ಅವಳ ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಅಮೋಘನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಪುಸ್ತಕದ ಪುಟ ಪುಟವನ್ನೂ ಸ್ಕ್ಯಾನ್ ಮಾಡಿ, ಅಕ್ಷರ ತಿದ್ದಿ, ಕಂಪ್ಯೂಟರು ಓದಿ ಹೇಳುವ ಹಾಗೆ ಅವಳಿಗೆ ಸಿದ್ಧಮಾಡಿಕೊಟ್ಟವನು ಅವನೇ. ಯೆರವಡಾದ ಕಚೇರಿಯಲ್ಲಿ ಅವನ ಹೊಟ್ಟೆಪಾಡೂ ಅದೇ: ಕಣ್ಣಿಲ್ಲದವರಿಗೆ ಡಿಜಿಟಲ್ ಪುಸ್ತಕ ಮಾಡುವುದು. ಅಡಿಟಿಪ್ಪಣಿಗಳನ್ನೆಲ್ಲ ಅಧ್ಯಾಯದ ಕೊನೆಗೆ ಸೇರಿಸಬೇಕು, ಅಂಕಿ ಒತ್ತಿದರೆ ಟಿಪ್ಪಣಿಗೆ ಹೋಗಬೇಕು, ಮತ್ತೆ ಒತ್ತಿದರೆ ಬಿಟ್ಟ ಸಾಲಿಗೇ ಮರಳಬೇಕು ಎಂದು ಹೊಸಬರಿಗೆಲ್ಲ ಪಾಠ ಹೇಳುವವನು ಅವನು. ಮನೆಯಲ್ಲಿ ಮಾತ್ರ, ಹೇಳೋದು ಪುರಾಣ, ತಿನ್ನೋದು ಬದನೆಕಾಯಿ.

ಅವಳಿಗೆಂದು ಮಾಡಿದ ಮೊದಲ ಪುಸ್ತಕದಲ್ಲಿ ಟಿಪ್ಪಣಿಗಳನ್ನು ಇದ್ದಲ್ಲೇ ಬಿಟ್ಟಿದ್ದ. ಯಂತ್ರದ ದನಿ “ಕೂಲಿಕಾರರ ಹೆಂಡಂದಿರು ಸಂಜೆ ಹೊತ್ತು” ಎಂದು ಓದುತ್ತಿದ್ದದ್ದು ಪುಟ ಮುಗಿದದ್ದೇ “ನೋಡಿ, ಅನುಬಂಧ ಎರಡು” ಎಂದು ಒದರಿ, ಆಮೇಲೆ “ನೀರಿಗೆ ಹೋಗುತ್ತಿದ್ದರು” ಎಂದಿತ್ತು. ಪೂರ್ವಾ ಹೆಡ್‌ಫೋನ್ ಕಿತ್ತು ಹಾಸಿಗೆಯ ಮೇಲೆ ಒಗೆದಿದ್ದಳು. “ಏನ್ರಿ ಇದು, ಅನ್ನದಾಗ ಹರಳು ಸಿಕ್ಕಂಗ!” ಅಂದಿನಿಂದ ಅಮೋಘ ಟಿಪ್ಪಣಿ, ಅದರ ಅಂಕಿ ಎರಡನ್ನೂ ಅಳಿಸಿಬಿಡುತ್ತಿದ್ದ. ಬಿಡುವಾದಾಗ ಸರಿಯಾಗಿ ಸೇರಿಸಿದರಾಯಿತು ಅಂದುಕೊಂಡ; ಬಿಡುವಾಗಲಿಲ್ಲ. ಈ ಪುಸ್ತಕದಲ್ಲಿ ಟಿಪ್ಪಣಿ ಇಲ್ಲವೇ ಎಂದು ಅವಳೇ ಒಮ್ಮೆ ಕೇಳಿದಾಗ, “ಹಳೇ ಪುಸ್ತಕ, ಇಲ್ಲ ಬಿಡು” ಎಂದು ಜಾರಿಕೊಂಡಿದ್ದ.

ಹಣಮಂತ್ರಾಯರು ಅಚ್ಚಿನ ಪುಸ್ತಕವನ್ನು ಅವಳ ಮುಂದೆ ತಳ್ಳಿದರು. ತಳ್ಳಿದ ಮೇಲೆ ನೆನಪಾಗಿ ಕೈ ಹಿಂದೆ ತೆಗೆದರು. ಪಕ್ಕದಲ್ಲಿದ್ದ ಮಾರ್ಗದರ್ಶಕಿ ಪಾನಸೆ ಬಾಯಿಯವರು ತಮಗೆ ಕನ್ನಡ ಓದಲು ಬರುವುದಿಲ್ಲವೆಂದು ಮರಾಠಿಯಲ್ಲಿ ಹೇಳಿದರು.

“ಹಂಗಾರ ನಾನೇ ಓದ್ತೀನಿ.”

“ಬ್ಯಾಡ್ರಿ ಸರ್.” ಪೂರ್ವಾಳ ಮುಖ ಕೆಂಪಾಗಿತ್ತು. “ನಮ್ಮನಿಯವರು ಹಿಂದ ಕೂತಾರ, ಅವರು ಓದ್ಲಿ. ಅವರು ಅದ ಅಂದ್ರ ಅದ, ಇಲ್ಲ ಅಂದ್ರ ಇಲ್ಲ.”

ಅಮೋಘ ಎದ್ದು ಬಂದು ಪುಸ್ತಕ ಎತ್ತಿಕೊಂಡ. ಓಡಿಹೋಗಬೇಕೆನಿಸಿತು. ಒಂದು ಮಾತು ಹಾರಿಸಿ, ಒಂದು ಮಾತು ಮೆತ್ತಗೆ ಮಾಡಿ ಓದಿದರೆ ಹೇಗೆ ಎಂದೂ ಒಂದು ಕ್ಷಣ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಪೂರ್ವಾ ತಲೆ ಓರೆ ಮಾಡಿ, ದಿನವೂ ಅವನ ಮಾತು ಕೇಳುವ ಹಾಗೆಯೇ ಕಾಯುತ್ತಿದ್ದಳು.

“‘ಗ್ಯಾಂಗಮನ್‌ಗಳ ಬಗ್ಗೆ ಮೇಲೆ ಹೇಳಿದ್ದು ಒಬ್ಬರ ಬಾಯಿಂದ ಕೇಳಿದ್ದು. ಆಮೇಲೆ ವಿಚಾರಿಸಲಾಗಿ ಅದು ಸುಳ್ಳೆಂದು ತಿಳಿಯಿತು. ಅಷ್ಟರೊಳಗೆ ಅಚ್ಚಿನ ಮೊಳೆ ಜೋಡಿಸಿಯಾಗಿದ್ದರಿಂದ ಇಲ್ಲಿ ಕೆಳಗೆ ತಿಳಿಸುತ್ತಿದ್ದೇನೆ. ಓದುಗರು ಅದನ್ನು ನಂಬಬಾರದು.’”

ಹೊರಗೆ ಯಾರೋ ಸ್ಕೂಟರ್ ಚಾಲೂ ಮಾಡಲು ಒದ್ದಾಡುತ್ತಿದ್ದರು.

“ಇದು ಅಲ್ಲೇ ಇತ್ತೇನ್ರಿ?” ಎಂದಳು ಪೂರ್ವಾ.

“ಇತ್ತು.” ಅವನು ಪರೀಕ್ಷಕರ ಕಡೆ ತಿರುಗಿದ. “ತಪ್ಪು ನಂದ್ರಿ ಸರ್. ಆಕಿ ಏನೂ ಮುಚ್ಚಿಟ್ಟಿಲ್ಲ. ಓದೋ ನಡುವ ಅಡ್ಡ ಬರ್ತಾವ, ಆಕಿಗೆ ಸಿಟ್ಟ ಬರ್ತದ ಅಂತ ಟಿಪ್ಪಣಿ ಎಲ್ಲಾ ನಾನೇ ತಗದಿದ್ದೆ.”

“ಸಿಟ್ಟ ಬರ್ತಿತ್ತು ಖರೆ,” ಎಂದಳು ಪೂರ್ವಾ, ಅವನ ಕಡೆ ತಿರುಗದೆ. “ಸಿಟ್ಟ ಮಾಡ್ಕೋತನ ಓದತಿದ್ದೆ.”

ಹಣಮಂತ್ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ದನಿ ಇಳಿದಿತ್ತು. “ಮೋಸ ಅಂದದ್ದು ವಾಪಸ್ ತಗೋತೀನವ್ವಾ. ಆದ್ರ ಆ ಅಧ್ಯಾಯ ನಿಲ್ಲೂದಿಲ್ಲ. ಹೊಸದಾಗಿ ಬರದು ತರ್ರಿ, ಆಮ್ಯಾಲೆ ನೋಡೂಣು.” ಪಾನಸೆ ಬಾಯಿಯವರು ಕಾಗದಗಳನ್ನು ಒಟ್ಟು ಮಾಡತೊಡಗಿದರು.

ಹೊರಗೆ ಬಂದಾಗ ಅಮೋಘ ರೂಢಿಯಂತೆ ಮೊಣಕೈಯನ್ನು ಅವಳ ಕೈಗೆ ತಾಗಿಸಿದ. ಪೂರ್ವಾ ಹಿಡಿಯಲಿಲ್ಲ. ಚೀಲದೊಳಗಿಂದ ಮಡಚುವ ಬಿಳಿ ಕೋಲನ್ನು ತೆಗೆದು ಜಾಡಿಸಿದಳು. ಅವನು ಜೊತೆಗಿರುವಾಗ ಅದನ್ನು ಅವಳು ಎಂದೂ ಹೊರಗೆ ತೆಗೆದವಳಲ್ಲ. ಓಣಿಯ ಹಾಗೆ ಉದ್ದನೆಯ ವರಾಂಡದಲ್ಲಿ ಕೋಲು ಟಕ್ ಟಕ್ ಎನ್ನುತ್ತ ಮುಂದೆ, ಅವನು ಹಿಂದೆ.

“ಪೂರ್ವಾ, ನಿಂದ್ರು. ಮುಂದ ಮೆಟ್ಟಲ ಅದಾವ. ಏಳು.”

ಅವಳು ನಿಂತಳು.

“ಪೂರಾ ಏಳೇನ್ರಿ? ಇಲ್ಲಾ ಅಡ್ಡ ಬರೋವನ್ನ ಬಿಟ್ಟು ಏಳೇನ್ರಿ?”